ಬೀಳುವುದರ ಅಳತೆ

ನನ್ನ ಮಗ ನಡೆಯುತ್ತಾನೆ ಎಂದು ಟಿ. ನರಸೀಪುರದ ನಮ್ಮ ಬೀದಿಯವರೆಲ್ಲ ನಂಬಿದ್ದ ಕಾಲವೊಂದಿತ್ತು. ಸಾಯಂಕಾಲ ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿ, ಅವನನ್ನು ಬೀದಿಯ ಆ ತುದಿಯಿಂದ ಈ ತುದಿಗೆ ನಡೆಸಿಕೊಂಡು ಬರುತ್ತಿದ್ದೆ. ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತ ಹೆಂಗಸರು ಕೈಯ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಬೇರೆಯವರ ಮನೆಯ ಮಗುವಿನ ಕಾಲಿನ ಮೇಲೆ ನಮ್ಮ ಜನಕ್ಕಿರುವ ಆಸ್ಥೆ ತಮ್ಮ ಒಲೆಯ ಮೇಲಿನ ಸಾರಿನ ಮೇಲೂ ಇರುವುದಿಲ್ಲ. ಎಲ್ಲರೂ ಅವನ ಕಾಲನ್ನು ನೋಡಿದರು. ನನ್ನ ಕೈಯನ್ನು ಯಾರೂ ನೋಡಲಿಲ್ಲ.

ನಾನು ಟೈಲರ್. ತವರು ಹೆಮ್ಮರಗಾಲದಲ್ಲಿ ಕಲಿತ ಹೊಲಿಗೆ, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಹೊಟ್ಟೆಪಾಡಾಯಿತು. ಅಳತೆ ಕೊಡಲು ಬರುವವರು ಮೈಯ ಕೊರತೆಗಳನ್ನೂ ಜೊತೆಗೇ ತರುತ್ತಾರೆ. ಒಂದು ಭುಜ ಇಳಿದವಳಿಗೆ ರವಿಕೆಯ ಒಳಗೊಂದು ಮಡಿಕೆ ಬಟ್ಟೆ ಇಡಬೇಕು. ಬೆನ್ನು ಬಾಗಿದವಳಿಗೆ ಹಿಂದೆ ಒಂದಿಷ್ಟು ಸಡಿಲ ಬಿಡಬೇಕು. ಇಟ್ಟದ್ದು, ಬಿಟ್ಟದ್ದು ಯಾರಿಗೂ ಕಾಣಬಾರದು. ಕಂಡರೆ ಅದು ಹೊಲಿಗೆಯಲ್ಲ, ತೇಪೆ. ಮಗನಿಗೂ ನಾನು ಅದನ್ನೇ ಮಾಡಿದೆ. ಅವನ ಚಡ್ಡಿಯ ಸೊಂಟಕ್ಕೆ ಒಳಗಿನಿಂದ ದಪ್ಪ ಕ್ಯಾನ್ವಾಸ್ ಪಟ್ಟಿ ಕೊಟ್ಟು, ಹಿಂದುಗಡೆ ಅಂಗಿಯ ಕೆಳಗೆ ಅಡಗುವ ಹಾಗೆ ಒಂದು ಹಿಡಿಕೆ ಹೊಲಿದೆ. ಅದರೊಳಗೆ ಬೆರಳು ತೂರಿಸಿದರೆ ಅವನ ಭಾರ ನನ್ನ ಮುಂಗೈಗೆ ಬರುತ್ತಿತ್ತು. ಕೊಂಚ ಎತ್ತಿ ಎಡಕ್ಕೆ ವಾಲಿಸಿದರೆ ಅವನ ಬಲಗಾಲು ಮುಂದೆ ಬರುತ್ತಿತ್ತು. ಬಲಕ್ಕೆ ವಾಲಿಸಿದರೆ ಎಡಗಾಲು. ನೋಡಿದವರಿಗೆ ತಾಯಿ ಮಗನ ಬೆನ್ನ ಮೇಲೆ ಸುಮ್ಮನೆ ಕೈ ಇಟ್ಟುಕೊಂಡು ನಡೆಯುವ ಹಾಗೆ ಕಾಣುತ್ತಿತ್ತು.

ಅದಕ್ಕೂ ಹಿಂದಿನದನ್ನು ಹೇಳಬೇಕು. ಅವನು ಹುಟ್ಟಿದಾಗ ಅಳಲಿಲ್ಲ. ಅತ್ತದ್ದು ಬಹಳ ತಡವಾಗಿ, ಅಷ್ಟರಲ್ಲಿ ಉಸಿರಿಲ್ಲದೆ ಮಿದುಳಿಗೆ ಪೆಟ್ಟಾಗಿತ್ತು. ಸೆರೆಬ್ರಲ್ ಪಾಲ್ಸಿ ಎಂದರು. ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಏರಿಕೊಳ್ಳುತ್ತವೆ, ಕೈಗಳು ಎದೆಗೆ ಮುದುಡಿಕೊಳ್ಳುತ್ತವೆ. ಬುದ್ಧಿ ಮಾತ್ರ ಚುರುಕು. ಮಾತು ಎಳೆದೆಳೆದು ಬಂದರೂ ಬರುತ್ತದೆ, ಅದರಲ್ಲಿ ಅವನು ದಿನಕ್ಕೆ ಹೆಚ್ಚು ಸಲ ಆಡುತ್ತಿದ್ದ ಮಾತು 'ಇಡ್ಕೊ', ನನ್ನನ್ನು ಹಿಡಿದುಕೋ ಎಂದು. ಅವನಿಗೆ ಬೀಳುವ ಭಯ. ಭಯಕ್ಕೆ ಕಾರಣವೂ ಇತ್ತು. ಬೇರೆ ಮಕ್ಕಳು ಬಿದ್ದರೆ ಅಂಗೈ ತರಚುತ್ತದೆ. ಇವನು ಬಿದ್ದರೆ ಕೈ ಮುಂದೆ ಬರುತ್ತಲೇ ಇರಲಿಲ್ಲ, ಮುಖವೇ ನೆಲಕ್ಕೆ ಅಪ್ಪಳಿಸುತ್ತಿತ್ತು. ಗದ್ದ ಎರಡು ಸಲ ಒಡೆದಿತ್ತು, ಮುಂದಿನ ಹಲ್ಲು ಹೋಗಿತ್ತು. ಇನ್ನು ಇವನನ್ನು ಬೀಳಗೊಡುವುದಿಲ್ಲ ಎಂದು ನಾನು ಹಟ ಹಿಡಿದೆ. ಆ ಹಟವೇ ಆಮೇಲೆ ಹಿಡಿಕೆಯಾಯಿತು.

ನನ್ನ ಗಂಡ ಪಂಪ್‌ಸೆಟ್ ಮೋಟಾರುಗಳ ತಾಮ್ರದ ತಂತಿ ಸುತ್ತುವವನು. ಸುಟ್ಟ ಮೋಟಾರು ಬಂದರೆ ಬಿಚ್ಚಿ, ಮೀಟರ್ ಇಟ್ಟು, ಕರೆಂಟು ಎಲ್ಲಿ ನಿಂತಿದೆ ನೋಡಿ, ಆಗುವುದಾದರೆ ಹೊಸದಾಗಿ ಸುತ್ತುತ್ತಾನೆ. ಆಗದಿದ್ದರೆ ಗುಜರಿಗೆ ಹಾಕಲು ಹೇಳುತ್ತಾನೆ. ಕುಡುಕನಲ್ಲ, ಹೊಡೆಯುವವನಲ್ಲ. ಮೀಟರಿನ ಮುಳ್ಳು ಹೇಳಿದ್ದನ್ನು ಬಿಟ್ಟು ಬೇರೆ ಯಾರ ಮಾತನ್ನೂ ನಂಬದವನು, ಅಷ್ಟೇ. ಮಗನಿಗೆ ಏಳು ತುಂಬಿದ ವರ್ಷ ಅವನು ಊಟದ ಮುಂದೆ ಕೂತು, ಮುದ್ದೆ ಮುರಿಯುತ್ತ, ಮೋಟಾರಿನ ವಿಷಯ ಹೇಳುವ ದನಿಯಲ್ಲೇ ಹೇಳಿದ.

"ಒಳ್ಗೆ ಕಾಯಿಲ್ ಸುಟ್ಟೋಗಿದ್ರೆ ಸ್ವಿಚ್ ಎಷ್ಟ್ ಸತಿ ಹಾಕುದ್ರೂ ಅಷ್ಟೇಯ ಕಣೆ. ಇಂಥ ಮಕ್ಳ ಇಟ್ಕಳೋ ಆಶ್ರಮ ಒಂದದಂತೆ, ಬ್ಯಾರೆ ಜಿಲ್ಲೇಲಿ. ನೀನೂ ಇನ್ನೊಂದ್ ಮೊಗ ಎತ್ಕೊಬೋದು."

ಅತ್ತೆ ಬಾಗಿಲ ಬಳಿ ಎಲೆಯಡಿಕೆ ಕುಟ್ಟುತ್ತಿದ್ದರು. ಅವರು ಬೇಡ ಎನ್ನುತ್ತಾರೆಂದು ಕಾದೆ. "ವರ್ಸಕ್ಕೊಂದ್ ಸತಿ ಓಗಿ ನೋಡ್ಕ ಬರ್ಬೋದಂತಾ?" ಎಂದು ಕೇಳಿದರು. ಆಗ ನನಗೆ ಇದು ತಾಯಿಮಗ ಇಬ್ಬರೂ ಕೂತು ಮಾತಾಡಿಯೇ ಆಗಿರುವ ವಿಷಯ ಎಂದು ಗೊತ್ತಾಯಿತು. ಅವರ ಹಣೆಯ ವಿಭೂತಿಯನ್ನು ನೋಡುತ್ತ, ಈ ಮನೆಯಲ್ಲಿ ಪೂಜೆಗೇನೂ ಕಡಿಮೆಯಿಲ್ಲ ಅಂದುಕೊಂಡೆ.

ನಂಜನಗೂಡಿನಲ್ಲಿ ಇಂಥ ಮಕ್ಕಳಿಗೆ ತರಬೇತಿ ಕೊಡುವ ಒಂದು ಕೇಂದ್ರವಿದೆ, ಅಲ್ಲಿ ಈಗ ಹೊಸದಾಗಿ ನರಗಳನ್ನು ಅಳೆಯುತ್ತಾರೆ, ತರಬೇತಿಗೆ ಮುಂಚೆ ಒಮ್ಮೆ, ಕೆಲವು ತಿಂಗಳಾದ ಮೇಲೆ ಒಮ್ಮೆ ಎಂದು ನನಗೆ ಗಿರಾಕಿಯೊಬ್ಬಳು ಹೇಳಿದ್ದಳು. ಗಂಡನಿಗೆ ಅದನ್ನು ಹೇಳಿದೆ. ಅವನ ಮುಖ ಅರಳಿತು. ಮಗನಿಗೆ ಇಡುವ ಮೀಟರೂ ಒಂದಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. "ಸರಿ ಬುಡು. ಎರಡನೇ ಸತಿ ಅಳ್ದಾಗ ಮಿಷಿನ್ನು ವ್ಯತ್ಯಾಸ ಅದೆ ಅಂದ್ರೆ ಮನೇಲೇ ಇರ್ಲಿ. ಇಲ್ಲ ಅಂದ್ರೆ ನೀನು ಅತ್ಕಂಡ್ ಕರ್ಕಂಡ್ ಕೂರ್ಬಾರ್ದು" ಎಂದ. ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಬಸ್ಸಿನಲ್ಲಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಕಾಲು ಸೆಟೆದು ಮುಂದಿನ ಸೀಟಿನವರ ಬೆನ್ನಿಗೆ ಒದೆಯುತ್ತಿತ್ತು. ಅವರು ರೇಗಿ ತಿರುಗುತ್ತಿದ್ದರು, ಅವನನ್ನು ಕಾಣುತ್ತಿದ್ದರು, ಕೂಡಲೇ 'ಪಾಪ' ಅನ್ನುತ್ತಿದ್ದರು. ಬೈದಿದ್ದರೆ ಮೇಲಾಗಿತ್ತು. ಕೇಂದ್ರ ಇದ್ದದ್ದು ಮೊದಲನೇ ಮಹಡಿಯಲ್ಲಿ. ನಡೆಯಲಾರದ ಮಕ್ಕಳಿಗೆ ಮೆಟ್ಟಿಲ ಮೇಲೆ ಜಾಗ ಹುಡುಕಿದ ಪುಣ್ಯಾತ್ಮನನ್ನು ನಾನು ಪ್ರತಿ ಸಲ ಹತ್ತುವಾಗಲೂ ನೆನೆಯುತ್ತಿದ್ದೆ, ನೆನೆದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮೇಲಿನ ಹಜಾರದಲ್ಲಿ ತಾಯಂದಿರು ಸಾಲಾಗಿ ಕೂತಿರುತ್ತಿದ್ದೆವು. ಹೊರಗಿನವರು ನಮ್ಮನ್ನು ನೋಡಿ ಒಬ್ಬರ ಕಷ್ಟಕ್ಕೆ ಒಬ್ಬರು ಆಗುತ್ತಾರೆ ಅಂದುಕೊಂಡಿರಬಹುದು. ನಾವು ಒಬ್ಬರ ಮಗುವನ್ನು ಒಬ್ಬರು ಸೀರೆ ಆರಿಸುವ ಹಾಗೆ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದೆವು. ಯಾರದು ಜೊಲ್ಲು ಸುರಿಸುತ್ತದೆ, ಯಾರದು ಸುರಿಸುವುದಿಲ್ಲ. ಹುಲ್ಲಹಳ್ಳಿಯಿಂದ ಬರುತ್ತಿದ್ದ ಒಬ್ಬಳ ಮಗಳಿಗೆ ಕುತ್ತಿಗೆಯೇ ನಿಲ್ಲುತ್ತಿರಲಿಲ್ಲ. "ನಿಮ್ದು ಕುತ್ಗೆ ನಿಲ್ಸ್ತದೆ, ಮಾತೂ ಆಡ್ತದೆ. ನಿಮ್ಗೇನು ಬುಡಿ" ಎಂದು ಅವಳು ನಿಟ್ಟುಸಿರು ಬಿಟ್ಟರೆ ನನಗೆ ಆ ದಿನವೆಲ್ಲ ಮೈ ಹಗುರವಾಗಿರುತ್ತಿತ್ತು. ಅವಳ ಮಗಳು ಇಲ್ಲದಿದ್ದರೆ ನನ್ನ ಮಗ ಯಾರಿಗಿಂತ ಮೇಲು? ನಾನು ಅವಳಿಗೆ ಮಲ್ಲಿಗೆ ಹೂವು ತಂದುಕೊಡುತ್ತಿದ್ದೆ.

ಮೊದಲ ಅಳತೆಯ ದಿನ ಅವನನ್ನು ಒಂದು ಬೆಂಚಿನ ಮೇಲೆ ಕೂರಿಸಿ, ಮೈಸೂರಿನ ಕಡೆಯ ಹುಡುಗಿಯೊಬ್ಬಳು ಸ್ಪಿರಿಟ್ಟಿನ ಹತ್ತಿಯಿಂದ ಅವನ ಮೀನಖಂಡ ಮತ್ತು ತೋಳು ಉಜ್ಜಿದಳು. ಹೊರಡುವ ಮುಂಚೆ ಅತ್ತೆ ಮೈತುಂಬ ಹರಳೆಣ್ಣೆ ತಿಕ್ಕಿ ಕಳಿಸಿದ್ದರು, ಹಾಗಾಗಿ ಅವಳು ಅಂಟಿಸಿದ ತಂತಿಗಳು ಒಂದೊಂದಾಗಿ ಜಾರಿ ಬಿದ್ದವು. ಅವಳು ಮತ್ತೆ ಉಜ್ಜಿದಳು. ಅವನ ಚರ್ಮ ಕೆಂಪಾಯಿತು. ನರದಿಂದ ಸ್ನಾಯುವಿಗೆ ಹೋಗುವ ಸುದ್ದಿ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ ಎಂದು ಹೇಳಿದಳು. ಮೊಣಕಾಲಿನ ಹಿಂದೆ ಸಣ್ಣಗೆ ಕರೆಂಟು ಮುಟ್ಟಿಸಿ ಕಾಲು ಹೇಗೆ ಎಗರುತ್ತದೆ ನೋಡಿದಳು. ಅವನು ಕಿರುಚಿದ. "ಇರುವೆ ಕಚ್ಚಿದ ಹಾಗೆ ಅಷ್ಟೇ ಪುಟ್ಟಾ" ಎಂದಳು. ನಿನಗೆ ಕಚ್ಚಲಿ ಆ ಇರುವೆ ಅಂದುಕೊಂಡೆ.

ಕೊನೆಗೆ ಡಾಕ್ಟರು ಬಂದರು. ಮೆಲು ಮಾತಿನ ಮನುಷ್ಯ, ಎಂಥ ಕೆಟ್ಟ ಸುದ್ದಿಯನ್ನೂ ಹಾಲಿನಲ್ಲಿ ಕಲಸಿ ಕೊಡುವವರು. ಅವನನ್ನು ಮೆತ್ತೆಯ ಮೇಲೆ ಮಂಡಿಯೂರಿಸಿ, ಹಿಂದಿನಿಂದ ಹಿಡಿದು, ಹೇಳದೆ ಕೇಳದೆ ಕೈ ಬಿಟ್ಟರು. ಅವನು ಮರದ ತುಂಡಿನ ಹಾಗೆ ಮುಂದಕ್ಕೆ ಬಿದ್ದ. ಮುಖ ಮೆತ್ತೆಗೆ ಬಡಿಯಿತು. ನಾನು ಎದ್ದು ಹೋಗಿ ಎತ್ತಿಕೊಂಡೆ.

ಡಾಕ್ಟರು ಪರದೆ ತೋರಿಸಿದರು. "ನೋಡಿ, ಬೇರೆ ಮಕ್ಕಳು ಬೀಳೋಕೆ ಶುರುವಾದ ಕೂಡಲೇ ಮಿದುಳು ಕೈಗೆ ಸುದ್ದಿ ಕಳಿಸುತ್ತೆ. ಕೈ ಮುಂದೆ ಬರುತ್ತೆ, ಮುಖ ಉಳಿಯುತ್ತೆ. ಇವನ ಕೈಯ ಗೆರೆ ಏಳಲೇ ಇಲ್ಲ. ಸುದ್ದಿ ಹೊರಡ್ತಾನೇ ಇಲ್ಲ." ಗೆರೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಚಪ್ಪಟೆಯಾಗಿ ಮಲಗಿತ್ತು. ಕಾಲಿನ ಗೆರೆ ಮಾತ್ರ ಸುಮ್ಮನೆ ಕೂತಾಗಲೂ ಎದ್ದು ಕುಣಿಯುತ್ತಿತ್ತು. ಸುದ್ದಿ ಬೇಕಾದಲ್ಲಿಗೆ ಹೋಗುತ್ತಿಲ್ಲ, ಬೇಡವಾದಲ್ಲಿ ಗಲಾಟೆ ಎಬ್ಬಿಸುತ್ತಿದೆ. ನಮ್ಮ ಬೀದಿಯ ಹಾಗೆಯೇ.

ಆಮೇಲೆ ತರಬೇತಿ ಶುರುವಾಯಿತು. ತರಬೇತಿ ಎಂದರೆ ನೋಯಿಸುವುದು. ಸೆಟೆದ ಕಾಲನ್ನು ಹಿಡಿದು ಅಗಲಿಸುವುದು, ಎದೆಗೆ ಮುದುಡಿದ ಕೈಯನ್ನು ಬಿಡಿಸಿ ನೆಲಕ್ಕೆ ಊರಿಸುವುದು, ಅವನು ಕೂಗಿದಷ್ಟೂ ಹಿಡಿದೇ ಇರುವುದು. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ಬೆಳಿಗ್ಗೆ ಸಂಜೆ ಮಾಡಬೇಕು. ಅವನ ಕಾಲನ್ನು ನನ್ನ ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಮಾಡುತ್ತಿದ್ದೆ. ಅವನು ಮೊದಲು ಅಳುತ್ತಿದ್ದ, ಆಮೇಲೆ ಬೇಡಿಕೊಳ್ಳುತ್ತಿದ್ದ, ಆಮೇಲೆ ಬೈಯುತ್ತಿದ್ದ. ಅತ್ತೆ ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಗೆ ಎದ್ದು ಹೋಗುತ್ತಿದ್ದರು. ಮುಗಿದ ಮೇಲೆ ಬಂದು, "ಕಟುಕ್ರು ಕೂಡ ಇಂಗ್ ಮಾಡಕಿಲ್ಲ ಕಣಮ್ಮಿ" ಎಂದು ಅವನ ತಲೆ ಸವರುತ್ತಿದ್ದರು. ಮೊಮ್ಮಗನಿಗೆ ಅವರೆಂದರೆ ಪ್ರಾಣ. ಆಶ್ರಮಕ್ಕೆ ಕಳಿಸಲು ಒಪ್ಪಿದ್ದ ಅಜ್ಜಿ ಒಳ್ಳೆಯವರು, ಇಟ್ಟುಕೊಳ್ಳಲು ಹೆಣಗುತ್ತಿದ್ದ ನಾನು ಕಟುಕಿ.

ಹಿಡಿಕೆ ಹೊಲಿದದ್ದು ಆಗಲೇ. ಮೊದಲು ಬಸ್‌ಸ್ಟ್ಯಾಂಡಿನಿಂದ ಎತ್ತಿಕೊಂಡು ಬರುವ ತೊಂದರೆ ತಪ್ಪಲಿ ಎಂದು ಹೊಲಿದೆ. ಹಿಡಿದು ನಾಲ್ಕು ಹೆಜ್ಜೆ ಹಾಕಿಸಿದಾಗ ಅವನು ನಕ್ಕ. ಇನ್ನಷ್ಟು ಹಾಕಿಸಿದೆ. ದಿನ ಹೋದ ಹಾಗೆ ನನ್ನ ಕೈಗೆ ಅವನ ಭಾರ ಗೊತ್ತೇ ಆಗದಂತಾಯಿತು. ಅವನು ಹಗುರಾಗುತ್ತಿದ್ದಾನೆ, ಅವನೇ ನಿಲ್ಲುತ್ತಿದ್ದಾನೆ ಎಂದು ನನಗೆ ಅನ್ನಿಸಿತು. ಅನ್ನಿಸುವುದೇನು, ದೇವರಾಣೆ ನಂಬಿದೆ. ಬಟ್ಟೆ ಮುಟ್ಟಿದರೆ ಅದರ ಗುಣ ಹೇಳುವ ಕೈ ನನ್ನದು, ಸ್ವಂತ ಮಗನ ವಿಷಯದಲ್ಲಿ ಸುಳ್ಳು ಹೇಳುತ್ತದೆಯೇ? ಅತ್ತೆ ಬೀದಿಯ ತುಂಬ ಹೇಳಿಕೊಂಡು ಬಂದರು. "ನಮ್ ಮೊಗ ನಡೀತದೆ, ಬಂದ್ ನೋಡ್ರವ್ವ." ಬಂದು ನೋಡಿದರು. ಒಂದು ಸಂಜೆ ಗಂಡ ಅಂಗಡಿಯ ಬಾಗಿಲಲ್ಲಿ ತಾಮ್ರದ ತಂತಿ ಹಿಡಿದುಕೊಂಡೇ ನಿಂತು ನಮ್ಮಿಬ್ಬರನ್ನು ನೋಡಿದ. ಮಾರನೆಯ ದಿನ ಮಗನಿಗೆ ಹೆಜ್ಜೆ ಇಟ್ಟರೆ ಕೆಂಪು ದೀಪ ಮಿನುಗುವ ಬೂಟು ತಂದುಕೊಟ್ಟ. ಆಶ್ರಮದ ಮಾತು ಎತ್ತಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಎರಡನೇ ಅಳತೆಗೆ ಗಂಡನೂ ಅಂಗಡಿ ಮುಚ್ಚಿ ಬಂದ. ಮೀಟರ್ ನೋಡುವ ಆಸೆ ಅವನಿಗೆ. ಹುಲ್ಲಹಳ್ಳಿಯವಳು ಅಂದು ಹಜಾರದಲ್ಲೇ ಇದ್ದಳು. ಮಗಳಿಗೆ ಕುತ್ತಿಗೆ ಇನ್ನೂ ನಿಂತಿರಲಿಲ್ಲ. ಅವಳ ಮುಂದೆ ನಾನು ಮಗನನ್ನು ಬೇಕೆಂದೇ ಆ ಗೋಡೆಯಿಂದ ಈ ಗೋಡೆಗೆ ನಡೆಸಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ ನೋಡುತ್ತಿದ್ದಾನೆಂದು ಇನ್ನೊಂದು ಸುತ್ತು ಹಾಕಿಸಿದೆ.

ಒಳಗೆ ಆ ಹುಡುಗಿ ತಂತಿ ಅಂಟಿಸಲು ಅವನ ಚಡ್ಡಿ ಕಳಚಿ ಅಲ್ಲಿಯದೇ ಒಂದು ತೆಳು ಚಡ್ಡಿ ಹಾಕಿದಳು. ನಡೆಸಿ ಎಂದಳು. ಹಿಡಿಕೆ ಇರಲಿಲ್ಲ. ಸೊಂಟ ಹಿಡಿದು ನಡೆಸಿದೆ. ಅವನ ಕಾಲಿನ ಗೆರೆಗಳು ಮೊದಲಿನಂತೆಯೇ ಗಜಿಬಿಜಿ ಕುಣಿದವು. ಹೆಜ್ಜೆ ಇಟ್ಟಾಗಲೂ ಅಷ್ಟೇ, ಇಡದಾಗಲೂ ಅಷ್ಟೇ. ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು. "ಸ್ವಲ್ಪ ಕೈ ಸಡಿಲ ಮಾಡಿ" ಎಂದಳು. ಸಡಿಲ ಮಾಡಿದ್ದೇನೆ ಎಂದೆ. ಅವಳಿಗೆ ಏನು ಹೊಳೆಯಿತೋ, ನನ್ನ ಬಳೆಗಳನ್ನು ಮೇಲೆ ಸರಿಸಿ, ನನ್ನ ಮುಂಗೈಯನ್ನೂ ಸ್ಪಿರಿಟ್ಟಿನಿಂದ ಉಜ್ಜಿ, ಎರಡು ತಂತಿ ಅಂಟಿಸಿದಳು. ಮತ್ತೆ ನಡೆಸಿ ಎಂದಳು.

ನಡೆಸಿದೆ. ಬಲಗಾಲು ಎತ್ತುವ ಮುಂಚೆ ಒಂದು ಗೆರೆ ಎತ್ತರಕ್ಕೆ ಎದ್ದಿತು. ಇಳಿಯಿತು. ಎಡಗಾಲಿಗೆ ಮತ್ತೆ ಎದ್ದಿತು. ಎಷ್ಟು ಅಚ್ಚುಕಟ್ಟು ಎಂದರೆ ನಾನು ಹಾಕುವ ಹೊಲಿಗೆಯೂ ಅಷ್ಟು ಸಮ ಬರುವುದಿಲ್ಲ. ಅದು ನನ್ನ ಕೈಯ ಗೆರೆ.

"ಅಮ್ಮಾ, ನಡೀತಾ ಇರೋದು ನೀವು" ಎಂದಳು ಹುಡುಗಿ. ಅವಳಿಗೆ ಅದರಲ್ಲಿ ಕೆಟ್ಟದ್ದೇನೂ ಕಂಡಿರಲಿಲ್ಲ. ಹೊಸದೊಂದು ಸಿಕ್ಕಿತಲ್ಲ ಎನ್ನುವ ಸಂತೋಷ ಅವಳಿಗೆ.

ಗಂಡ ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ನಕ್ಕ. ಮದುವೆಯಾದಾಗಿನಿಂದ ಅವನು ಅಷ್ಟು ಮನಸಾರೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. "ಮೋಟ್ರು ಇಲ್ಲಿ ಅದೆ ನೋಡು. ನಾನು ಇಷ್ಟ್ ದಿನ ಪೈಪ್ ನೋಡ್ಕಂಡು ಕುಸಿ ಪಡ್ತಿದ್ದೆ" ಎಂದ. ಜೇಬಿನಿಂದ ಫೋನ್ ತೆಗೆದು ಹೊರಗೆ ಹೋದ. ಯಾರಿಗೆ ಮಾಡುತ್ತಾನೆಂದು ಕೇಳಬೇಕಾಗಿರಲಿಲ್ಲ. ಮಗ ಬೆಂಚಿನ ಮೇಲೆ ಕೂತು, "ಅವ್ವ, ನಾ ಚೆನ್ನಾಗ್ ನಡುದ್ನಾ?" ಎಂದು ಕೇಳಿದ. ಚೆನ್ನಾಗಿ ನಡೆದೆ ಎಂದೆ. ಆ ಯಂತ್ರವನ್ನು ಎತ್ತಿ ಕಿಟಕಿಯಿಂದ ಕೆಳಗೆ ಎಸೆಯಬೇಕು ಅನ್ನಿಸಿತು, ಮಹಡಿಯ ಮೇಲೆ ಇಟ್ಟದ್ದು ಅದಕ್ಕಾದರೂ ಒದಗುತ್ತಿತ್ತು.

ಡಾಕ್ಟರು ಬಂದು ಬೀಳಿಸುವ ಅಳತೆ ಇನ್ನೂ ಉಳಿದಿದೆ ಎಂದರು. ಮಾಡಿಕೊಳ್ಳಿ ಎಂದೆ. ಇನ್ನು ಉಳಿದದ್ದೇನಿತ್ತು? ಅವನನ್ನು ಮಂಡಿಯೂರಿಸಿ ಹಿಡಿದು ನಿಂತರು. ಅವನು "ಇಡ್ಕೊ, ಇಡ್ಕೊ" ಎಂದ. ಕೈ ಬಿಟ್ಟರು. ಅವನು ಬಿದ್ದ. ಆದರೆ ಬೀಳುವಾಗ ಅವನ ಎಡಗೈ ಎದೆಯಿಂದ ಬಿಡಿಸಿಕೊಂಡು ಮುಂದೆ ಬಂತು. ಬಲಗೈ ಮುಷ್ಟಿಯಾಗಿಯೇ ಅದರ ಹಿಂದೆ ಬಂತು. ಹಣೆ ಮೆತ್ತೆಗೆ ತಾಗಲಿಲ್ಲ. ಡಾಕ್ಟರು ಮತ್ತೆ ಬೀಳಿಸಿದರು, ಮತ್ತೆ ಕೈ ಬಂತು. ಪರದೆಯ ಮೇಲೆ, ಮೊದಲು ಚಪ್ಪಟೆಯಾಗಿದ್ದ ಜಾಗದಲ್ಲಿ ಗೆರೆ ಒಂದು ದಿಬ್ಬದ ಹಾಗೆ ಎದ್ದಿತ್ತು.

"ಇದು ತುಂಬ ದೊಡ್ಡ ಬದಲಾವಣೆ. ಮಿದುಳಿಂದ ಕೈಗೆ ಸುದ್ದಿ ಹೋಗೋಕೆ ಶುರುವಾಗಿದೆ. ಮನೇಲಿ ಬಿದ್ದಾಗ ನೀವು ನೋಡಲೇ ಇಲ್ವಾ?" ಎಂದರು ಡಾಕ್ಟರು.

ಮನೆಯಲ್ಲಿ ಅವನು ಬಿದ್ದರೆ ತಾನೇ. ನಾನು ಬೀಳಲು ಬಿಟ್ಟಿದ್ದರೆ ತಾನೇ.

ಗಂಡ ಒಳಗೆ ಬಂದ. ಡಾಕ್ಟರು ಅವನಿಗೂ ವಿವರಿಸಿದರು. ಅವನು ಗೆರೆ ನೋಡಿ ತಲೆಯಾಡಿಸಿದ. ನಂಬುತ್ತಾನೆ ಅಂದುಕೊಂಡೆ. ಜೀವನದಲ್ಲಿ ಮೊದಲ ಸಲ ಅವನು ಮೀಟರನ್ನು ನಂಬಲಿಲ್ಲ. "ನಡೀತಾನೆ ಅಂತ ಇವ್ಳು ಒಂದ್ ಸತಿ ನಂಬ್ಸುದ್ಲು ಸಾ, ಆಯ್ತು. ಈಗ ನೀವು ಬೀಳಾದ್ ಕಲ್ತವ್ನೆ ಅಂತೀರಿ. ಮುಳ್ಳು ಆಡುದ್ರೆ ಸಾಲ್ದು, ನೀರ್ ಬರ್ಬೇಕು. ಮನೇಲಿ, ನಮ್ಮವ್ವನ್ ಮುಂದೆ, ತಂತಿಗಿಂತಿ ಇಲ್ದೆ ತೋರ್ಸ್ಲಿ. ಆಶ್ರಮ್ದೋರ್‌ಗೆ ಅಲ್ಲೀಗಂಟ ತಡೀರಿ ಅಂತೀನಿ" ಎಂದ.

ಡಾಕ್ಟರು ನನಗೆ ಹೇಳಿಕೊಟ್ಟರು. ಕೆಳಗೆ ಹಾಸಿಗೆ ಹಾಸಿ. ಮಂಡಿಯೂರಿಸಿ ಹಿಡಿದುಕೊಳ್ಳಿ. ಬಿಡುತ್ತೇನೆಂದು ಅವನಿಗೆ ತಿಳಿಯಬಾರದು, ತಿಳಿದರೆ ಮೈ ಸೆಟೆದುಕೊಂಡು ಕೈ ಬರುವುದಿಲ್ಲ. ಮಾತಿಗೆ ಹಚ್ಚಿ, ಏನಾದರೂ ಕತೆ ಹೇಳಿ, ಅವನು ಕತೆಯಲ್ಲಿ ಮುಳುಗಿರುವಾಗ ಬಿಡಿ. ಹೇಳುವಾಗ ಅವರ ದನಿ ಎಂದಿನಂತೆ ಹಾಲು ಕಲಸಿದ ಹಾಗಿತ್ತು. "ದಿನಾ ಮಾಡಿದ್ರೆ ಇನ್ನೂ ಬಲ ಬರುತ್ತೆ" ಎಂದೂ ಸೇರಿಸಿದರು.

ಮನೆಗೆ ಬಂದು ನಡುಮನೆಯಲ್ಲಿ ಹತ್ತಿಯ ಹಾಸಿಗೆ ಹಾಸಿದೆ. ಗಂಡ ಗೋಡೆಗೆ ಒರಗಿ ನಿಂತ. ಅತ್ತೆ ಎಲೆಯಡಿಕೆ ತಟ್ಟೆ ಪಕ್ಕಕ್ಕಿಟ್ಟು ಕೂತರು. ನಾನು ಅವನ ಹಿಂದೆ ಮಂಡಿಯೂರಿ ಅವನ ಕಂಕುಳಿಗೆ ಕೈ ಕೊಟ್ಟೆ. ಅವನಿಗೆ ನರಿ ಕತೆಯೆಂದರೆ ಇಷ್ಟ, ನರಿ ಕಬ್ಬಿನ ಗದ್ದೆಗೆ ನುಗ್ಗುವ ಕತೆ, ನಾನೇ ಕಟ್ಟಿದ್ದು. ಶುರು ಮಾಡಿದೆ. ನರಿ ಕಾಲುವೆ ದಾಟಿತು, ಬದುವಿನ ಮೇಲೆ ಬಂತು. ನನ್ನ ಕೈ ಬಿಡಲಿಲ್ಲ. ಕೈಗೆ ಬಿಡಬೇಕೆಂದು ಹೇಳುತ್ತಿದ್ದೆ, ಅದು ಕೇಳುತ್ತಿರಲಿಲ್ಲ. ಸುದ್ದಿ ಹೊರಡದ ಕೈ ಹೇಗಿರುತ್ತದೆಂದು ಆಗ ನನಗೂ ಗೊತ್ತಾಯಿತು.

"ಆಗಕಿಲ್ಲ ಅಂದ್ರೆ ಬುಟ್ಬುಡು ಕಣೆ, ಫೋನ್ ಮಾಡ್ತೀನಿ" ಎಂದ ಗಂಡ.

"ಆಮ್ಯಾಕೆ?" ಎಂದ ಮಗ, ಕತ್ತು ಹಿಂದಕ್ಕೆ ವಾಲಿಸಿ ನನ್ನನ್ನು ನೋಡಲು ಹೆಣಗುತ್ತ. ಆಮೇಲೆ ನರಿ ಕಬ್ಬು ಮುರಿಯಿತು ಎಂದೆ. ಅವನು ನಗಲು ಬಾಯಿ ತೆರೆದ. ಕೈ ಬಿಟ್ಟೆ.

ಎಡಗೈ ಬಂತು. ಅದರ ಹಿಂದೆ ಮುಷ್ಟಿಯಾಗಿದ್ದ ಬಲಗೈಯೂ ಬಂತು. ಮುಖ ಉಳಿಯಿತು. ಅವನು ಅಂಗೈಯೂರಿ, ಹಾಸಿಗೆಯಿಂದ ಗೇಣು ಮೇಲೆ, ತನ್ನ ಮುಖವನ್ನು ತಾನೇ ಹಿಡಿದುಕೊಂಡು ನಡುಗುತ್ತಿದ್ದ. ಅಳಲಿಲ್ಲ. "ಅಯ್ಯೋ ನನ್ ಕೂಸೇ" ಎಂದು ಅತ್ತೆ ಕಣ್ಣೊರೆಸಿಕೊಂಡರು. ನನಗೆ ಎದೆ ಬಿರಿಯುವ ಹಾಗೆ ಸಂತೋಷವಾಯಿತು. ಅವನನ್ನು ಎತ್ತಿ ಅಪ್ಪಿಕೊಳ್ಳಬೇಕೆಂದು ಹೋದೆ.

"ತಡಿ. ಇನ್ನೊಂದ್ ಸತಿ ಬುಡು" ಎಂದ ಗಂಡ.

ರಿಪೇರಿಯಾದ ಮೋಟಾರನ್ನು ಅವನು ಒಂದೇ ಸಲ ಓಡಿಸಿ ನೋಡಿ ಕೊಡುವವನಲ್ಲ. ನಿಲ್ಲಿಸಿ ಓಡಿಸಿ, ನಿಲ್ಲಿಸಿ ಓಡಿಸಿ ನೋಡುತ್ತಾನೆ. ಅವನು ಸಾಕು ಎನ್ನುವವರೆಗೆ ನಾನು ನರಿಯನ್ನು ಗದ್ದೆಗೆ ನುಗ್ಗಿಸುತ್ತಲೇ ಇದ್ದೆ. ಪ್ರತಿ ಸಲವೂ ನರಿ ಬೇರೆ ಬೇರೆ ಕಡೆ ಇರುವಾಗ ಕೈ ಬಿಟ್ಟೆ, ಅವನಿಗೆ ಗೊತ್ತಾಗಬಾರದಲ್ಲ. ಕೊನೆಗೆ ಗಂಡ ಫೋನ್ ತೆಗೆದು, "ಬ್ಯಾಡಿ ಸಾ, ನಮ್ದು ಮನೇಲೇ ಇರ್ತದೆ" ಎಂದು ಆಶ್ರಮದವರಿಗೆ ಹೇಳಿದ. ಆ ಮಾತು ಕೇಳಲು ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿದ್ದೆ.

ಸುದ್ದಿ ಹಬ್ಬಿತು. ನಾದಿನಿ ತಗಡೂರಿನಿಂದ ಬಂದಳು, ಅವಳಿಗೂ ತೋರಿಸಬೇಕಾಯಿತು. ಪಕ್ಕದ ಮನೆಯವರಿಗೆ ಅತ್ತೆಯೇ ಹಾಸಿಗೆ ಹಾಸಿ ಕರೆದರು. ಮಕ್ಕಳು ಬಿದ್ದರೆ ಓಡಿ ಬಂದು ಎತ್ತುವ ಹೆಂಗಸರು ನಮ್ಮ ನಡುಮನೆಯಲ್ಲಿ ಕೂತು, ಕಾಫಿ ಕುಡಿಯುತ್ತ, ಇನ್ನೊಮ್ಮೆ ಬೀಳಿಸು ಎನ್ನುತ್ತಿದ್ದರು. ಜನ ಮರೆತ ಮೇಲೂ ನಾನು ನಿಲ್ಲಿಸುವಂತಿರಲಿಲ್ಲ. ದಿನವೂ ಮಾಡಬೇಕೆಂದು ಡಾಕ್ಟರು ಹೇಳಿದ್ದರು, ಮಾಡಿದರೆ ಬಲ ಬರುತ್ತಿತ್ತು. ಮುಷ್ಟಿಯಾಗಿದ್ದ ಬಲಗೈ ನಿಧಾನವಾಗಿ ಬಿಡಿಸಿಕೊಂಡಿತು. ಈಗ ಅವನು ಆ ಕೈಯಲ್ಲಿ ಲೋಟ ಹಿಡಿಯುತ್ತಾನೆ. 'ಇಡ್ಕೊ' ಎನ್ನುವುದನ್ನು ಬಿಟ್ಟಿದ್ದಾನೆ. ಕತೆ ಹೇಳು ಎಂದು ಕೇಳುವುದನ್ನೂ ಬಿಟ್ಟಿದ್ದಾನೆ. ನಾನಾಗಿ ಶುರು ಮಾಡಿದರೆ, "ಬ್ಯಾಡ, ಸುಮ್ಕಿರು" ಎನ್ನುತ್ತಾನೆ.

ಹೋದ ವಾರ ಮತ್ತೆ ಅಳತೆಯಿತ್ತು. ಹುಡುಗಿ ಅವನ ತೋಳಿಗೆ ತಂತಿ ಅಂಟಿಸಿ, ಗೆರೆ ಸರಿಯಾಗಿ ಬರುತ್ತಿದೆಯೇ ನೋಡಲು ಅವನನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದಳು. ಗೆರೆ ಮಲಗಿತ್ತು. ಜೊತೆಗೆ ಬಂದಿದ್ದ ಅವನ ಅಪ್ಪ ಎತ್ತಿ ಮೆತ್ತೆಯ ಮೇಲೆ ಇಳಿಸಿದ. ಆಗಲೂ ಮಲಗಿತ್ತು. ಮಂಡಿಯೂರಿಸಿ ಹಿಡಿಯಲು ನನ್ನನ್ನು ಕರೆದರು. ನನ್ನ ಕೈ ಅವನ ಕಂಕುಳಿಗೆ ತಾಗಿದ ಕೂಡಲೇ ಗೆರೆ ಪರದೆಯ ಅರ್ಧಕ್ಕೆ ಎದ್ದಿತು. ನಾನು ಇನ್ನೂ ಬಿಟ್ಟಿರಲಿಲ್ಲ. ಅವನ ಎರಡು ಕೈಗಳೂ ಆಗಲೇ ನೆಲದ ಕಡೆಗೆ ಚಾಚಿಕೊಂಡಿದ್ದವು.

"ತುಂಬ ಒಳ್ಳೇದು. ಇಷ್ಟು ಬೇಗ ಎಚ್ಚರವಾಗ್ತಿದೆ. ಅದೂ ನೀವು ಮುಟ್ಟಿದಾಗ ಮಾತ್ರ" ಎಂದರು ಡಾಕ್ಟರು, ಬರೆದುಕೊಳ್ಳುತ್ತ.